ಓದುಗರ ಪ್ರಶ್ನೆ, ಪ್ರವಾಸದ ಉತ್ತರ: ಅಲಾಸ್ಕಾದ ಕೀನೈ ಕರಾವಳಿಗೆ ಮನೆಮಂದಿಯೆಲ್ಲ ಕಾರಿನಲ್ಲಿ

ಅಲಾಸ್ಕಾದ ದಕ್ಷಿಣದಲ್ಲಿರುವ ಕೀನೈ ಪರ್ಯಾಯದ್ವೀಪದ ಪ್ರವಾಸದ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಒಂದೇ ದಾರಿಯಲ್ಲಿ ಸಮುದ್ರ, ಹಿಮನದಿ, ತಿಮಿಂಗಿಲ, ಕರಡಿ ಎಲ್ಲವೂ ಸಿಗುವ ಈ ಪ್ರದೇಶ ಮಕ್ಕಳು ಮತ್ತು ಹಿರಿಯರೊಂದಿಗೆ ಹೋಗುವವರಿಗೆ ಬಹಳ ಒಪ್ಪುವಂಥದ್ದು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ, 12 ಮತ್ತು 7 ವರ್ಷದ ಇಬ್ಬರು ಮಕ್ಕಳು ಹಾಗೂ 68 ವರ್ಷದ ನನ್ನ ಅತ್ತೆಯವರು ಜುಲೈ ತಿಂಗಳಲ್ಲಿ ಒಂದು ವಾರ ಅಲಾಸ್ಕಾದಲ್ಲಿ ಕಾರಿನಲ್ಲಿ ಸುತ್ತಬೇಕೆಂದಿದ್ದೇವೆ. ಆಂಕರೇಜ್‌ನಿಂದ ಹೊರಟು ಡೆನಾಲಿ, ಫೇರ್‌ಬ್ಯಾಂಕ್ಸ್, ವಾಲ್ಡೀಜ್, ಸೀವರ್ಡ್, ಹೋಮರ್ ಎಲ್ಲವನ್ನೂ ನೋಡಿ ಬರಬಹುದೆಂದು ಸ್ನೇಹಿತರು ಯೋಜನೆ ಹಾಕಿಕೊಟ್ಟಿದ್ದಾರೆ. ಇದು ಸಾಧ್ಯವೇ?

ಉತ್ತರ: ಕಾರು ಓಡಿಸುವುದೇ ಉದ್ದೇಶವಾಗಿದ್ದರೆ ಸಾಧ್ಯ, ನೋಡುವುದು ಉದ್ದೇಶವಾಗಿದ್ದರೆ ಸಾಧ್ಯವಿಲ್ಲ. ಆಂಕರೇಜ್‌ನಿಂದ ಫೇರ್‌ಬ್ಯಾಂಕ್ಸ್ ಸುಮಾರು 580 ಕಿಲೋಮೀಟರ್ ಉತ್ತರಕ್ಕಿದೆ, ವಾಲ್ಡೀಜ್ ರಸ್ತೆಯ ಮೂಲಕ ಸುಮಾರು 480 ಕಿಲೋಮೀಟರ್ ಪೂರ್ವಕ್ಕಿದೆ, ಹೋಮರ್ ಸುಮಾರು 355 ಕಿಲೋಮೀಟರ್ ನೈಋತ್ಯಕ್ಕಿದೆ. ಇವು ಮೂರು ಬೇರೆ ಬೇರೆ ದಿಕ್ಕುಗಳಾದ್ದರಿಂದ ಹೋದ ದಾರಿಯ ಬಹುಭಾಗವನ್ನು ಮತ್ತೆ ಹಿಂದಿರುಗಿ ಕ್ರಮಿಸಬೇಕಾಗುತ್ತದೆ. ಏಳು ವರ್ಷದ ಮಗುವಿಗೂ ನಿಮ್ಮ ಅತ್ತೆಯವರಿಗೂ ದಿನಕ್ಕೆ ಆರೇಳು ಗಂಟೆ ಹಿಂದಿನ ಸೀಟಿನಲ್ಲಿ ಕೂರುವ ಶಿಕ್ಷೆ ಬೇಡ.

ನನ್ನ ಸಲಹೆ ಇಷ್ಟು: ಉತ್ತರವನ್ನು ಸಂಪೂರ್ಣವಾಗಿ ಕೈಬಿಟ್ಟು ಕೀನೈ ಪರ್ಯಾಯದ್ವೀಪ ಒಂದಕ್ಕೇ ವಾರವನ್ನು ಕೊಡಿ. ಆಂಕರೇಜ್‌ನಿಂದ ಸೀವರ್ಡ್‌ಗೆ ಕೇವಲ 127 ಮೈಲಿ, ಅಂದರೆ ಸುಮಾರು 204 ಕಿಲೋಮೀಟರ್. ಎಲ್ಲಿಯೂ ನಿಲ್ಲದೆ ಹೋದರೆ ಎರಡೂವರೆ ಗಂಟೆಯ ದಾರಿ, ಆದರೆ ಇದು ನಿಂತು ನಿಂತು ಹೋಗಬೇಕಾದ ದಾರಿ. ಮೊದಲ ರಾತ್ರಿ ಆಂಕರೇಜ್‌ನಲ್ಲಿ ವಿಶ್ರಾಂತಿ ಪಡೆದು, ಮುಂದಿನ ಮೂರು ರಾತ್ರಿ ಸೀವರ್ಡ್‌ನಲ್ಲಿ, ಎರಡು ರಾತ್ರಿ ಹೋಮರ್‌ನಲ್ಲಿ, ಕೊನೆಯ ರಾತ್ರಿ ಮರಳುವ ದಾರಿಯ ಗರ್ಡ್‌ವುಡ್‌ನಲ್ಲಿ ತಂಗುವಂತೆ ಹೊಂದಿಸಿಕೊಳ್ಳಿ. ಸೀವರ್ಡ್‌ನಲ್ಲಿ ಮೂರು ರಾತ್ರಿ ಏಕೆಂದರೆ, ಅಲ್ಲಿ ಮಳೆ ಸಾಮಾನ್ಯ. ಒಂದು ದಿನ ಮೋಡ ಮುಚ್ಚಿದರೂ ಮತ್ತೊಂದು ದಿನ ಕೈಯಲ್ಲಿರಬೇಕು. ಜುಲೈ ಅತಿ ಹೆಚ್ಚು ಜನ ಬರುವ ತಿಂಗಳಾದ್ದರಿಂದ ಕೋಣೆಗಳನ್ನು ಬಹಳ ಮೊದಲೇ ಕಾಯ್ದಿರಿಸಬೇಕು. ಜುಲೈ 4ರಂದು ಸೀವರ್ಡ್‌ನಲ್ಲಿ ಊರಿನ ಹಿಂದಿನ ಮೌಂಟ್ ಮ್ಯಾರಥಾನ್ ಬೆಟ್ಟವನ್ನು ಓಡಿ ಹತ್ತಿಳಿಯುವ ಹಳೆಯ ಸ್ಪರ್ಧೆ ನಡೆಯುತ್ತದೆ. ಆ ಸಂಭ್ರಮ ಬೇಕೆನ್ನುವವರು ಅಂದೇ ಹೋಗಲಿ, ಶಾಂತವಾಗಿ ಊರು ನೋಡಬೇಕೆನ್ನುವವರು ಆ ವಾರವನ್ನು ಬಿಟ್ಟುಬಿಡಲಿ.

ಇನ್ನೊಂದು ಎಚ್ಚರಿಕೆಯ ಮಾತು. ಜುಲೈ ಮೊದಲರ್ಧದಲ್ಲಿ ಅಲ್ಲಿ ಹಗಲು 18 ಗಂಟೆಗೂ ಹೆಚ್ಚು ಇರುತ್ತದೆ. ಬೆಳಕಿದೆಯಲ್ಲ ಎಂದು ರಾತ್ರಿ ಹನ್ನೊಂದರವರೆಗೆ ಕಾರು ಓಡಿಸುವ ಆಸೆ ಹುಟ್ಟುತ್ತದೆ, ದಣಿವು ಮಾತ್ರ ಬೆಳಕನ್ನು ನೋಡಿ ಹಿಂದೆ ಸರಿಯುವುದಿಲ್ಲ. ಮಕ್ಕಳ ನಿದ್ರೆಯ ವೇಳೆಯನ್ನು ಗಡಿಯಾರ ನೋಡಿಯೇ ಕಾಪಾಡಿ.

ಪ್ರಶ್ನೆ: ಸೀವರ್ಡ್ ಹೆದ್ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು? ಅಲ್ಲಿಯ ರಸ್ತೆ ನಿಯಮಗಳಲ್ಲಿ ವಿಶೇಷವೇನಾದರೂ ಇದೆಯೇ?

ಉತ್ತರ: ನಿಯಮಗಳನ್ನು ಮೊದಲು ಹೇಳುತ್ತೇನೆ, ಏಕೆಂದರೆ ಈ ರಸ್ತೆಯ ಒಂದು ಬದಿಯಲ್ಲಿ ಬಂಡೆಯ ಗೋಡೆಯೂ ಇನ್ನೊಂದು ಬದಿಯಲ್ಲಿ ರೈಲು ಹಳಿ ಮತ್ತು ಕಡಲೂ ಇರುವಾಗ ತಪ್ಪಿಗೆ ಜಾಗವೇ ಇರುವುದಿಲ್ಲ. ಹಗಲಿನಲ್ಲಿಯೂ ಹೆಡ್‌ಲೈಟ್ ಉರಿಯುತ್ತಿರಬೇಕು. ನಿಮ್ಮ ನಿಧಾನದಿಂದ ಹಿಂದೆ ಐದು ಅಥವಾ ಅದಕ್ಕಿಂತ ಹೆಚ್ಚು ವಾಹನಗಳು ಸಾಲುಗಟ್ಟಿದರೆ, ಸುರಕ್ಷಿತವಾದ ಮೊದಲ ಜಾಗದಲ್ಲಿ ಬದಿಗೆ ಸರಿದು ಅವುಗಳಿಗೆ ದಾರಿ ಬಿಡುವುದು ಅಲ್ಲಿ ಕಾನೂನು. ದೃಶ್ಯ ನೋಡುತ್ತ ಸಾಗುವ ಪ್ರವಾಸಿಗರು ಮರೆಯುವುದು ಇದನ್ನೇ. ಏಳು ವರ್ಷದ ಮಗುವಿಗೆ ಎತ್ತರ ಮತ್ತು ತೂಕಕ್ಕೆ ತಕ್ಕ ಬೂಸ್ಟರ್ ಸೀಟು ಬೇಕಾಗುತ್ತದೆ, ಕಾರು ಬಾಡಿಗೆಗೆ ಪಡೆಯುವಾಗಲೇ ಕೇಳಿ ಹಾಕಿಸಿಕೊಳ್ಳಿ.

ಆಂಕರೇಜ್ ದಾಟಿದ ಕೂಡಲೇ ಸಿಗುವ ಪಾಟರ್ ಮಾರ್ಷ್ ಎಂಬ ಜೌಗು ಪ್ರದೇಶದಲ್ಲಿ ಮರದ ಹಲಗೆಯ ಸಮತಟ್ಟಾದ ಕಾಲುದಾರಿ ಇದೆ. ಹಿರಿಯರು ನಿಶ್ಚಿಂತೆಯಿಂದ ನಡೆದು ನೀರುಹಕ್ಕಿಗಳನ್ನು ನೋಡಬಹುದು. ಅಲ್ಲಿಂದ ಮುಂದೆ ರಸ್ತೆ ಟರ್ನಗೇನ್ ಆರ್ಮ್ ಎಂಬ ಉದ್ದನೆಯ, ಕಿರಿದಾದ ಕಡಲ ತೋಳಿನ ಅಂಚಿನಲ್ಲಿ ಸಾಗುತ್ತದೆ. ಇಲ್ಲಿಯ ಉಬ್ಬರವಿಳಿತ ಉತ್ತರ ಅಮೆರಿಕದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ನೀರಿನ ಮಟ್ಟದ ಏರಿಳಿತ 9 ಮೀಟರನ್ನೂ ಮೀರುವುದುಂಟು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ, ಇಳಿತ ಮುಗಿದು ಉಬ್ಬರ ಆರಂಭವಾಗುವ ಹೊತ್ತಿಗೆ, ಒಳನುಗ್ಗುವ ಸಮುದ್ರದ ನೀರು ಇಡೀ ತೋಳಿನ ಅಡ್ಡಗಲಕ್ಕೆ ಒಂದೇ ಅಲೆಯಾಗಿ ಎದ್ದು ಮುಂದೆ ಮುಂದೆ ಸರಿಯುತ್ತದೆ. ಉಬ್ಬರದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಂಡು ಬರ್ಡ್ ಪಾಯಿಂಟ್‌ನಂಥ ನಿಲುಗಡೆಯಲ್ಲಿ ಕಾದರೆ ಮಕ್ಕಳಿಗೆ ಭೂಗೋಳದ ಒಂದು ಪಾಠ ಕಣ್ಣೆದುರಿಗೇ ನಡೆಯುತ್ತದೆ.

ಆದರೆ ನೀರು ಇಳಿದಾಗ ಕಾಣುವ ಬೂದುಬಣ್ಣದ ಕೆಸರಿನ ಬಯಲಿಗೆ ಮಕ್ಕಳನ್ನು ಯಾವ ಕಾರಣಕ್ಕೂ ಇಳಿಸಬೇಡಿ. ಹಿಮನದಿಗಳು ಬಂಡೆಗಳನ್ನು ಅರೆದು ತಂದ ಹಿಟ್ಟಿನಷ್ಟು ನುಣ್ಣನೆಯ ಹೂಳು ಅದು. ಮೇಲೆ ಗಟ್ಟಿಯಾಗಿ ಕಂಡರೂ ಕಾಲಿಟ್ಟಾಗ ಸಡಿಲವಾಗಿ, ಕಾಲು ಹೂತ ಮೇಲೆ ಸುತ್ತಲೂ ಬಿಗಿದುಕೊಳ್ಳುತ್ತದೆ, ಅಷ್ಟರಲ್ಲಿ ಉಬ್ಬರವೂ ಬರುತ್ತದೆ. ಅಲ್ಲಿ ಸಿಲುಕಿ ಜೀವ ಕಳೆದುಕೊಂಡವರಿದ್ದಾರೆ. ಇಡೀ ಪ್ರವಾಸದಲ್ಲಿ ನನಗೆ ಕರಡಿಗಿಂತ ಹೆಚ್ಚು ಭಯವಿರುವುದು ಈ ಕೆಸರಿನ ಬಗ್ಗೆಯೇ.

ಬೆಲೂಗಾ ಪಾಯಿಂಟ್‌ನಲ್ಲಿ ತಪ್ಪದೆ ನಿಲ್ಲಿ. ಜುಲೈ ಮಧ್ಯದ ನಂತರ ಸಾಲ್ಮನ್ ಮೀನಿನ ಬೆನ್ನುಹತ್ತಿ ಬೆಳ್ಳನೆಯ ಬೆಲೂಗಾ ತಿಮಿಂಗಿಲಗಳು ಈ ತೋಳಿನೊಳಗೆ ಬರುತ್ತವೆ. ಕುಕ್ ಇನ್ಲೆಟ್ ಎಂಬ ಈ ಕಡಲಭಾಗದಲ್ಲಿ ಮಾತ್ರ ವಾಸಿಸುವ ಈ ಗುಂಪನ್ನು 2008ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು, ಈಗ ಉಳಿದಿರುವುದು ಸುಮಾರು 300ರ ಆಸುಪಾಸು. ಆದ್ದರಿಂದ ಕಾಣದಿದ್ದರೂ ಬೇಸರಿಸಬೇಡಿ. ಅದೇ ಹೊತ್ತಿಗೆ ಬೆನ್ನ ಹಿಂದಿನ ಕಡಿದಾದ ಬಂಡೆಯ ಮೇಲೆ ಬಿಳಿಯ ಡಾಲ್ ಕುರಿಗಳು ನಿಂತಿರಬಹುದು, ಎರಡೂ ಕಡೆ ಕಣ್ಣಿರಲಿ.

ತೋಳಿನ ತುದಿಯಲ್ಲಿ, ಪೋರ್ಟೇಜ್ ಬಳಿ, ಒಣಗಿ ಬೂದುಬಣ್ಣಕ್ಕೆ ತಿರುಗಿ ನಿಂತ ಮರಗಳ ಸಾಲು ಕಾಣುತ್ತದೆ. 1964ರ ಮಾರ್ಚ್ 27ರಂದು ಸಂಭವಿಸಿದ 9.2 ತೀವ್ರತೆಯ ಭೂಕಂಪದಲ್ಲಿ ಇಲ್ಲಿಯ ನೆಲ ಸುಮಾರು ಎರಡು ಮೀಟರ್ ಕುಸಿದು, ಬೇರಿಗೆ ಕಡಲ ಉಪ್ಪುನೀರು ಹೊಕ್ಕು ಸತ್ತ ಮರಗಳಿವು. ಪೋರ್ಟೇಜ್ ಎಂಬ ಊರೂ ಆಗಲೇ ಇಲ್ಲವಾಯಿತು. ಉಪ್ಪು ಸೇರಿದ್ದರಿಂದಲೇ ಮರಗಳು ಕೊಳೆಯದೆ ಇಂದಿಗೂ ನಿಂತಿವೆ. ಸಮೀಪದಲ್ಲೇ ಅಲಾಸ್ಕಾ ವನ್ಯಜೀವಿ ಸಂರಕ್ಷಣಾ ಕೇಂದ್ರವಿದೆ. ತಾಯಿಯನ್ನು ಕಳೆದುಕೊಂಡ ಅಥವಾ ಗಾಯಗೊಂಡ ಪ್ರಾಣಿಗಳನ್ನು ವಿಶಾಲ ಬಯಲುಗಳಲ್ಲಿ ಸಾಕುವ ಈ ಕೇಂದ್ರದಲ್ಲಿ ಕಂದು ಕರಡಿ, ಮೂಸ್ ಎಂಬ ಭಾರಿ ಗಾತ್ರದ ಜಿಂಕೆ, ಕಸ್ತೂರಿ ಎತ್ತು, ಕಾಡು ಬೈಸನ್‌ಗಳನ್ನು ನೆಮ್ಮದಿಯಿಂದ ನೋಡಬಹುದು. ಅಮೆರಿಕದ ನೆಲದಿಂದ ಮರೆಯಾಗಿದ್ದ ವುಡ್ ಬೈಸನ್‌ಗಳನ್ನು 2015ರಲ್ಲಿ ಮರಳಿ ಅಲಾಸ್ಕಾದ ಕಾಡಿಗೆ ಬಿಟ್ಟದ್ದು ಇಲ್ಲಿಯೇ ಬೆಳೆಸಿದ ಹಿಂಡಿನಿಂದ. ಪ್ರಾಣಿಗಳ ಗಾತ್ರ ಮಕ್ಕಳಿಗೆ ಇಲ್ಲಿ ಅರ್ಥವಾದರೆ, ಮುಂದೆ ಕಾಡಿನಲ್ಲಿ ದೂರ ನಿಲ್ಲಿ ಎಂದು ಹೇಳುವ ನಿಮ್ಮ ಮಾತಿಗೂ ಬೆಲೆ ಬರುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು. ಹೆಚ್ಚು ನಡೆಯದೆ ಹತ್ತಿರದಿಂದ ನೋಡಬಹುದಾದ ಹಿಮನದಿ ಯಾವುದು? ಪೋರ್ಟೇಜ್ ಹಿಮನದಿ ರಸ್ತೆಯಿಂದಲೇ ಕಾಣುತ್ತದೆಂದು ಹಳೆಯ ಪುಸ್ತಕವೊಂದರಲ್ಲಿ ಓದಿದ್ದೆ.

ಉತ್ತರ: ಆ ಪುಸ್ತಕ ಬರೆದ ಕಾಲಕ್ಕೆ ಅದು ನಿಜವಾಗಿತ್ತು. ಪೋರ್ಟೇಜ್ ಹಿಮನದಿಯನ್ನು ಕಿಟಕಿಯಿಂದಲೇ ತೋರಿಸಲೆಂದು ಸರೋವರದ ದಡದಲ್ಲಿ ಬೆಗಿಚ್ ಬಾಗ್ಸ್ ವೀಕ್ಷಕರ ಕೇಂದ್ರವನ್ನು ಕಟ್ಟಿ 1986ರಲ್ಲಿ ತೆರೆದರು. ಆಮೇಲೆ ಹಿಮನದಿ ಬೆಟ್ಟದ ತಿರುವಿನ ಹಿಂದಕ್ಕೆ ಸರಿದುಹೋಯಿತು. ಇಂದು ಆ ಕಿಟಕಿಯಿಂದ ಅದು ಕಾಣುವುದಿಲ್ಲ. ನೋಡಬೇಕಾದರೆ ಸರೋವರದ ದೋಣಿ ಹತ್ತಬೇಕು. ಅದು ಅಲೆಯಿಲ್ಲದ ನೀರಿನ ಚಿಕ್ಕ ಪ್ರಯಾಣವಾದ್ದರಿಂದ ನಿಮ್ಮ ತಾಯಿಯವರಿಗೆ ತೊಂದರೆಯಾಗಲಾರದು. ಹತ್ತಿರದ ಬೈರನ್ ಹಿಮನದಿಯ ಕಾಲುದಾರಿ ಸುಲಭವಾದದ್ದು, ಆದರೆ ಅದರ ಕೊನೆಯಲ್ಲಿ ಬೇಸಿಗೆಯಲ್ಲೂ ಉಳಿಯುವ ಹಿಮರಾಶಿಯ ಅಡಿಯ ಗುಹೆಗಳೊಳಗೆ ಯಾರೂ ಹೋಗಬಾರದು, ಅವು ಮುನ್ಸೂಚನೆಯಿಲ್ಲದೆ ಕುಸಿಯುತ್ತವೆ.

ಆದರೂ ಒಂದೇ ಹಿಮನದಿ ಆರಿಸಿ ಎಂದರೆ ನಾನು ಸೀವರ್ಡ್ ಬಳಿಯ ಎಕ್ಸಿಟ್ ಹಿಮನದಿಯನ್ನು ಹೇಳುತ್ತೇನೆ. 1980ರಲ್ಲಿ ಸ್ಥಾಪನೆಯಾದ ಕೀನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆಯ ಮೂಲಕ ತಲುಪಬಹುದಾದ ಜಾಗ ಇದೊಂದೇ, ಪ್ರವೇಶ ಶುಲ್ಕವೂ ಇಲ್ಲ. ವೀಕ್ಷಕರ ಕೇಂದ್ರದಿಂದ ಹೊರಡುವ ಸುಮಾರು ಒಂದು ಮೈಲಿಯ ಸುತ್ತುದಾರಿಯನ್ನು ಗಾಲಿಕುರ್ಚಿಯೂ ಸಾಗುವಂತೆ ಸಮ ಮಾಡಿದ್ದಾರೆ. ಅಲ್ಲಿಂದ ಹಿಮನದಿಯ ನೋಟ ಸಿಗುತ್ತದೆ, ಶಕ್ತಿಯಿರುವವರು ಇನ್ನೂ ಮೇಲಿನ ನೋಟದ ಕಟ್ಟೆಗೆ ಏರಬಹುದು.

ಈ ದಾರಿಯ ನಿಜವಾದ ಸಂಪತ್ತು ಅದರ ಬದಿಯಲ್ಲಿ ನೆಟ್ಟಿರುವ ಇಸವಿಯ ಫಲಕಗಳು. ಕಾರು ಇನ್ನೂ ರಸ್ತೆಯಲ್ಲಿರುವಾಗಲೇ 19ನೇ ಶತಮಾನದ ಇಸವಿಗಳಿಂದ ಅವು ಆರಂಭವಾಗುತ್ತವೆ. ಆಯಾ ವರ್ಷ ಹಿಮನದಿಯ ಮೂತಿ ಅಲ್ಲಿಯವರೆಗೆ ಇತ್ತು ಎಂಬುದು ಅದರ ಅರ್ಥ. ಫಲಕದಿಂದ ಫಲಕಕ್ಕೆ ನಡೆಯುತ್ತ 1917, 1926, 1951 ಎಂದು ಓದುತ್ತ ಹೋದರೆ, 2005 ಮತ್ತು 2010ರ ಫಲಕಗಳ ಬಳಿಗೆ ಬರುವಾಗಲೂ ಮಂಜುಗಡ್ಡೆ ಇನ್ನೂ ಮುಂದೆಯೇ ಇರುತ್ತದೆ. ಹಳೆಯ ಫಲಕಗಳ ಸುತ್ತ ಎತ್ತರದ ಮರಗಳು, ಆಮೇಲೆ ಪೊದೆ, ಆಮೇಲೆ ಪಾಚಿ, ಕೊನೆಗೆ ಬರೀ ಕಲ್ಲು. ಬೆತ್ತಲೆ ಬಂಡೆಯ ಮೇಲೆ ಕಾಡು ಹೇಗೆ ಹಂತಹಂತವಾಗಿ ಬಂದು ನೆಲೆಸುತ್ತದೆ ಎಂಬುದನ್ನು ಒಂದೇ ನಡಿಗೆಯಲ್ಲಿ ತೋರಿಸುವ ಇಂಥ ಜಾಗಗಳು ಬಹಳ ಇಲ್ಲ. ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ 2015ರ ಸೆಪ್ಟೆಂಬರ್‌ನಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ಗಮನ ಸೆಳೆಯಲು ಇದೇ ದಾರಿಯಲ್ಲಿ ನಡೆದರು. ಮಕ್ಕಳು ತಮ್ಮ ಹುಟ್ಟಿದ ವರ್ಷಕ್ಕೆ ಹಿಮನದಿ ಎಲ್ಲಿದ್ದಿರಬಹುದು ಎಂದು ಊಹಿಸಲಿ, ನಿಮ್ಮ ತಾಯಿಯವರ ಹುಟ್ಟಿದ ವರ್ಷದ ಸ್ಥಾನವನ್ನೂ ಹುಡುಕಲಿ.

ಹಿಂದೆ ಸರಿಯುವುದೆಂದರೆ ಹಿಮನದಿ ಮೇಲಕ್ಕೆ ಹರಿಯುತ್ತದೆಂದಲ್ಲ, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಮಂಜುಗಡ್ಡೆ ಸದಾ ಕೆಳಮುಖವಾಗಿಯೇ ಹರಿಯುತ್ತಿರುತ್ತದೆ, ಆದರೆ ಮೇಲಿನಿಂದ ಬರುವ ಮಂಜಿಗಿಂತ ಮೂತಿಯಲ್ಲಿ ಕರಗುವುದು ಹೆಚ್ಚಾದಾಗ ಅಂಚು ಹಿಂದೆ ಹೋಗುತ್ತದೆ. ಎಕ್ಸಿಟ್ ಹಿಮನದಿಗೆ ಮಂಜು ಒದಗಿಸುವುದು ಮೇಲಿನ ಹಾರ್ಡಿಂಗ್ ಹಿಮಪ್ರದೇಶ. 1,800 ಚದರ ಕಿಲೋಮೀಟರಿನಷ್ಟು ಹರಡಿರುವ ಅದರಿಂದ ಸುಮಾರು 40 ಹಿಮನದಿಗಳು ಸುತ್ತಲೂ ಇಳಿಯುತ್ತವೆ. ಅದನ್ನು ಮೇಲಿನಿಂದ ನೋಡುವ ಕಾಲುದಾರಿ ಹೋಗಿಬರಲು 13 ಕಿಲೋಮೀಟರ್, ಸಾವಿರ ಮೀಟರಿಗೂ ಹೆಚ್ಚಿನ ಏರು. ಚಿಕ್ಕ ಮಕ್ಕಳಿಗೆ ಅದು ಹೇಳಿದ್ದಲ್ಲ. ಹನ್ನೆರಡರ ಆಸುಪಾಸಿನ ಮಕ್ಕಳಿದ್ದರೆ ಮೊದಲ ಎರಡು ಕಿಲೋಮೀಟರಿನ ಚಿಲ್ಲರೆ ದೂರದಲ್ಲಿರುವ ಮಾರ್ಮಟ್ ಮೆಡೋಸ್ ಹುಲ್ಲುಗಾವಲಿನವರೆಗೆ ಏರಿ ಇಳಿದರೂ ಸಾರ್ಥಕ.

ಪ್ರಶ್ನೆ: ಸೀವರ್ಡ್‌ನಿಂದ ಹೊರಡುವ ದೋಣಿ ಪ್ರವಾಸ ದುಬಾರಿ ಎನ್ನಿಸುತ್ತಿದೆ. ಮಗಳಿಗೆ ಕಾರಿನಲ್ಲೇ ವಾಂತಿಯಾಗುತ್ತದೆ. ಹೋಗಲೇಬೇಕೇ?

ಉತ್ತರ: ಬೇರೆ ಖರ್ಚನ್ನು ಕಡಿಮೆ ಮಾಡಿಯಾದರೂ ಹೋಗಿ. ಕೀನೈ ಫ್ಯೋರ್ಡ್ಸ್ ಉದ್ಯಾನದ ಬಹುಭಾಗ ಇರುವುದು ಕಡಲಿನ ಕಡೆಗೆ, ರಸ್ತೆಯಿಂದ ಅದರ ಅಂಚನ್ನಷ್ಟೇ ಮುಟ್ಟಬಹುದು. ಪ್ರಾಚೀನ ಹಿಮನದಿಗಳು ಕೊರೆದ ಕಣಿವೆಗಳೊಳಗೆ ಸಮುದ್ರ ನುಗ್ಗಿ ಉಂಟಾದ ಫ್ಯೋರ್ಡ್‌ಗಳನ್ನು ನೀರಿನ ಮೇಲಿನಿಂದಲ್ಲದೆ ನೋಡಲಾಗದು.

ಮಗಳಿಗಾಗಿ ದೋಣಿಯ ಆಯ್ಕೆಯನ್ನು ಯೋಚಿಸಿ ಮಾಡಬೇಕು. ಮೂರು ನಾಲ್ಕು ಗಂಟೆಯ ಪ್ರವಾಸಗಳು ರಿಸರೆಕ್ಷನ್ ಕೊಲ್ಲಿಯೊಳಗೇ, ಬೆಟ್ಟಗಳ ಮರೆಯಲ್ಲಿ ಇರುತ್ತವೆ. ನೀರು ಸಾಮಾನ್ಯವಾಗಿ ಶಾಂತ, ಆದರೆ ಸಮುದ್ರಕ್ಕೇ ಇಳಿಯುವ ಹಿಮನದಿಯ ಮುಂದೆ ನಿಲ್ಲುವ ಅವಕಾಶವಿಲ್ಲ. ಸುಮಾರು ಆರು ಗಂಟೆಯ ಪ್ರವಾಸಗಳು ಏಯಾಲಿಕ್ ಕೊಲ್ಲಿಯ ಹಿಮನದಿಗಳವರೆಗೆ ಹೋಗುತ್ತವೆ. ಅಲ್ಲಿಗೆ ತಲುಪಲು ಅಲಾಸ್ಕಾ ಕೊಲ್ಲಿಯ ತೆರೆದ ಸಮುದ್ರವನ್ನು ಸ್ವಲ್ಪ ಹೊತ್ತು ದಾಟಬೇಕು, ಹೊಯ್ದಾಟ ಇರುವುದು ಆ ಭಾಗದಲ್ಲೇ. ಎಂಟು ಗಂಟೆಗೂ ಹೆಚ್ಚಿನ ನಾರ್ತ್‌ವೆಸ್ಟರ್ನ್ ಫ್ಯೋರ್ಡ್ ಪ್ರವಾಸ ನಿಮ್ಮ ಮಗಳಿಗೆ ಬೇಡ. ವೈದ್ಯರನ್ನು ಕೇಳಿ ವಯಸ್ಸಿಗೆ ತಕ್ಕ ಔಷಧಿಯನ್ನು ದೋಣಿ ಹೊರಡುವ ಮೊದಲೇ ಕೊಡಿ, ಅಲೆ ಆರಂಭವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ದೋಣಿಯ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂರಿಸಿ ದೂರದ ದಿಗಂತ ನೋಡಲು ಹೇಳಿ, ಮೊಬೈಲನ್ನು ಕೈಗೆ ಕೊಡಬೇಡಿ. ಅಷ್ಟರ ಮೇಲೂ ಅಳುಕಿದ್ದರೆ ಮನೆಯವರು ಎರಡು ಗುಂಪಾಗಿ, ಒಬ್ಬರು ಮಗಳೊಂದಿಗೆ ಚಿಕ್ಕ ಪ್ರವಾಸಕ್ಕೆ, ಉಳಿದವರು ದೊಡ್ಡದಕ್ಕೆ ಹೋಗುವುದು ಸರಿಯಾದ ಪರಿಹಾರ.

ನೀರಿನ ಮೇಲೆ ಸಿಗುವ ಜೀವಿಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಬಂದರಿನಿಂದ ಹೊರಡುತ್ತಿದ್ದಂತೆಯೇ ಬೆನ್ನಮೇಲೆ ತೇಲುವ ಕಡಲ ನೀರುನಾಯಿಗಳು ಕಾಣುತ್ತವೆ. ಉಳಿದ ಕಡಲ ಸಸ್ತನಿಗಳಿಗಿರುವ ದಪ್ಪ ಕೊಬ್ಬಿನ ಪದರ ಇವುಗಳಿಗಿಲ್ಲ. ಪ್ರಾಣಿಲೋಕದಲ್ಲೇ ಅತಿ ಒತ್ತಾದ ತುಪ್ಪಳವೇ ಇವುಗಳನ್ನು ಬೆಚ್ಚಗಿಡುತ್ತದೆ. ಆ ತುಪ್ಪಳಕ್ಕಾಗಿಯೇ ಮನುಷ್ಯರು ಇವುಗಳನ್ನು ಬೇಟೆಯಾಡಿ ಬಹುತೇಕ ಮುಗಿಸಿದ್ದರು, 1911ರ ಅಂತರರಾಷ್ಟ್ರೀಯ ಒಪ್ಪಂದ ಅವುಗಳಿಗೆ ರಕ್ಷಣೆ ಕೊಟ್ಟಿತು. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ತೈಲ ಚೆಲ್ಲಿದಾಗ ಸಾವಿರಾರು ನೀರುನಾಯಿಗಳು ಸತ್ತದ್ದಕ್ಕೂ ಈ ತುಪ್ಪಳವೇ ಕಾರಣ: ತೈಲ ಮೆತ್ತಿದ ಕೂದಲು ಚಳಿಯನ್ನು ತಡೆಯಲಿಲ್ಲ. ಆ ದುರಂತದ ಪರಿಹಾರದ ಹಣವೂ ಸೇರಿ ಕಟ್ಟಿದ ಅಲಾಸ್ಕಾ ಸೀಲೈಫ್ ಸೆಂಟರ್ 1998ರಿಂದ ಸೀವರ್ಡ್‌ನಲ್ಲಿದೆ. ಮಳೆ ಹಿಡಿದ ದಿನವನ್ನು ಅದಕ್ಕೆ ಕೊಡಿ, ಪಫಿನ್ ಹಕ್ಕಿ ನೀರಿನೊಳಗೆ ರೆಕ್ಕೆ ಬಡಿದು ಈಜುವುದನ್ನು ಅಷ್ಟು ಹತ್ತಿರದಿಂದ ದೋಣಿಯ ಮೇಲೂ ನೋಡಲಾಗದು. ಚಿಸ್ವೆಲ್ ದ್ವೀಪಗಳ ಬಂಡೆಗಳ ಮೇಲೆ ಸ್ಟೆಲ್ಲರ್ ಕಡಲಸಿಂಹಗಳು ಮಲಗಿರುತ್ತವೆ. ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು, ಆರ್ಕಾಗಳು ಕಾಣುವ ಸಂಭವ ಚೆನ್ನಾಗಿಯೇ ಇದೆ.

ಹಿಮನದಿಯ ಮುಂದೆ ದೋಣಿ ಎಂಜಿನ್ ನಿಲ್ಲಿಸಿದಾಗ ಎಲ್ಲರೂ ಮಾತು ನಿಲ್ಲಿಸಿ. ಗಡ್ಡೆ ಮುರಿದು ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ತಡವಾಗಿ ಬರುತ್ತದೆ. ಆ ಅಂತರದಿಂದಲೇ ಮಂಜಿನ ಗೋಡೆ ಎಷ್ಟು ದೂರದಲ್ಲಿದೆ ಎಂದು ದೊಡ್ಡ ಮಕ್ಕಳು ಲೆಕ್ಕ ಹಾಕಬಹುದು. ಇನ್ನೂ ಹತ್ತಿರ ಹೋಗಿ ಎಂದು ನಾವಿಕರನ್ನು ಒತ್ತಾಯಿಸಬೇಡಿ. ತೇಲುವ ಗಡ್ಡೆಗಳ ಮೇಲೆ ಸೀಲ್‌ಗಳು ಮರಿಗಳೊಂದಿಗೆ ವಿಶ್ರಮಿಸುತ್ತಿರುತ್ತವೆ, ದೋಣಿಗೆ ಬೆದರಿ ಅವು ತಣ್ಣೀರಿಗೆ ಹಾರಿದರೆ ಮರಿಗಳ ಶಕ್ತಿ ವ್ಯರ್ಥವಾಗುತ್ತದೆ.

ಪ್ರಶ್ನೆ: ಕರಡಿ ಎದುರಾದರೆ ಏನು ಮಾಡಬೇಕು?

ಉತ್ತರ: ಓಡಬಾರದು. ಮಕ್ಕಳನ್ನು ಪಕ್ಕಕ್ಕೆ ಸೇರಿಸಿಕೊಂಡು, ಎಲ್ಲರೂ ಒಟ್ಟಾಗಿ ನಿಂತು, ಶಾಂತವಾದ ಧ್ವನಿಯಲ್ಲಿ ಮಾತಾಡುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಎದುರಾಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಕಾಲುದಾರಿಯಲ್ಲಿ, ವಿಶೇಷವಾಗಿ ತಿರುವುಗಳಲ್ಲಿ ಮತ್ತು ಸಾಲ್ಮನ್ ಬರುವ ಹೊಳೆಗಳ ಬಳಿ, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ. ಮಕ್ಕಳು ಮುಂದೆ ಓಡದಿರಲಿ. ಕರಡಿ ನಿವಾರಕ ಸ್ಪ್ರೇಯನ್ನು ವಿಮಾನದಲ್ಲಿ ಕೈಚೀಲದಲ್ಲಾಗಲಿ ಸಾಮಾನಿನಲ್ಲಾಗಲಿ ಒಯ್ಯುವಂತಿಲ್ಲ. ಆಂಕರೇಜ್‌ನಲ್ಲೇ ಕೊಂಡು, ಬಳಸುವ ಬಗೆಯನ್ನು ಅಂಗಡಿಯಲ್ಲೇ ಕಲಿತುಕೊಳ್ಳಿ. ತಿಂಡಿಯನ್ನು ಹೊರಗೆ ಬಿಟ್ಟುಹೋಗುವುದು ಅಲ್ಲಿ ಕಾನೂನುಬಾಹಿರ. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ ಎಂಬುದನ್ನು ಮಕ್ಕಳಿಗೆ ಮರೆಮಾಚದೆ ಹೇಳಿ.

ಜನ ಕಡಿಮೆ ಹೆದರುವ ಪ್ರಾಣಿ ಮೂಸ್, ಅಷ್ಟು ಕಡಿಮೆ ಹೆದರುವುದು ಸರಿಯಲ್ಲ. ಮರಿಯಿರುವ ತಾಯಿ ಮೂಸ್ ಕಿವಿ ಹಿಂದಕ್ಕೆ ಮಡಚಿ ಕತ್ತಿನ ಕೂದಲನ್ನು ನಿಮಿರಿಸಿದರೆ ಮೇಲೆರಗಲಿದೆ ಎಂದೇ ತಿಳಿಯಬೇಕು. ಕರಡಿಯ ವಿಷಯದಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ, ಇಲ್ಲಿ ಓಡಿಹೋಗಿ ಮರದ ಅಥವಾ ಕಾರಿನ ಮರೆ ಸೇರುವುದೇ ಸರಿ. ರಸ್ತೆಯಲ್ಲಿ ಪ್ರಾಣಿ ಕಂಡಾಗ ನಡುರಸ್ತೆಯಲ್ಲಿ ಕಾರು ನಿಲ್ಲಿಸದೆ ಬದಿಯ ನಿಲುಗಡೆಗೆ ಸರಿದು ಒಳಗಿನಿಂದಲೇ ನೋಡಿ.

ಪ್ರಶ್ನೆ: ಅಲ್ಲಿ ನಾವು ಮೀನು ಹಿಡಿಯಬಹುದೇ?

ಉತ್ತರ: ಹಿಡಿಯಬಹುದು. ಹೊರಗಿನಿಂದ ಬಂದವರಲ್ಲಿ 16 ವರ್ಷ ಮತ್ತು ಮೇಲ್ಪಟ್ಟವರಿಗೆ ಪರವಾನಗಿ ಬೇಕು. ಎಷ್ಟು ಹಿಡಿಯಬಹುದೆಂಬ ಮಿತಿ ಹೊಳೆಯಿಂದ ಹೊಳೆಗೆ ಬೇರೆ, ಕೆಲವೊಮ್ಮೆ ಋತುವಿನ ನಡುವೆಯೇ ಬದಲಾಗುತ್ತದೆ. ಅಂದಿನ ನಿಯಮವನ್ನು ಅಂದೇ ಕೇಳಿಕೊಳ್ಳಿ.

ಪ್ರಶ್ನೆ: ಸೀವರ್ಡ್ ನೋಡಿದ ಮೇಲೆ ಹೋಮರ್‌ವರೆಗೂ ಹೋಗುವ ಅಗತ್ಯವಿದೆಯೇ? ವಿಟ್ಟಿಯರ್ ಎಂಬ ಬಂದರು ಊರು ಕೂಡ ಹತ್ತಿರವೆಂದು ಹೇಳುತ್ತಾರೆ.

ಉತ್ತರ: ನಾಲ್ಕೇ ದಿನವಿದ್ದರೆ ಎರಡೂ ಬೇಡ. ವಾರವಿದ್ದರೆ ಹೋಮರ್ ಒಳ್ಳೆಯದು. ಟರ್ನ್ ಲೇಕ್ ಬಳಿ ಸ್ಟರ್ಲಿಂಗ್ ಹೆದ್ದಾರಿಗೆ ತಿರುಗಿದರೆ ಕೀನೈ ನದಿಯ ಹಸಿರುನೀಲಿ ನೀರು ಜೊತೆಯಾಗುತ್ತದೆ. ನಿನಿಲ್ಚಿಕ್‌ನಲ್ಲಿ ಕಡಲಿಗೆ ಎದುರಾಗಿ ನಿಂತ ಹಳೆಯ ರಷ್ಯನ್ ಚರ್ಚ್ ಇದೆ. 1867ರಲ್ಲಿ 72 ಲಕ್ಷ ಡಾಲರಿಗೆ ಅಮೆರಿಕ ಕೊಂಡುಕೊಳ್ಳುವವರೆಗೆ ಈ ನೆಲ ರಷ್ಯಾದ ಅಧೀನದಲ್ಲಿತ್ತು. ಆಕಾಶ ತಿಳಿಯಾಗಿದ್ದರೆ ನೀರಿನಾಚೆ ರೆಡೌಟ್ ಮತ್ತು ಇಲಿಯಾಮ್ನಾ ಎಂಬ ಹಿಮ ಹೊದ್ದ ಜ್ವಾಲಾಮುಖಿಗಳು ಕಾಣುತ್ತವೆ, ರೆಡೌಟ್ 2009ರಲ್ಲಿ ಸ್ಫೋಟಿಸಿತ್ತು. ಹೋಮರ್‌ನಲ್ಲಿ ಸಮುದ್ರದೊಳಕ್ಕೆ ಏಳು ಕಿಲೋಮೀಟರ್ ಚಾಚಿದ ಮರಳು ಜಲ್ಲಿಯ ಪಟ್ಟಿಯ ಮೇಲೆ ಮಕ್ಕಳು ಮನಸಾರೆ ಓಡಾಡಬಹುದು.

ವಿಟ್ಟಿಯರ್‌ಗೆ ಹೋಗುವ ಸುರಂಗ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ್ದು, ಒಂದೇ ಲೇನಿನದು, ರೈಲು ಮತ್ತು ಕಾರು ಸರದಿಯ ಮೇಲೆ ಅದನ್ನೇ ಬಳಸುತ್ತವೆ. ಶುಲ್ಕವನ್ನು ವಿಟ್ಟಿಯರ್ ಕಡೆಗೆ ಹೋಗುವಾಗ ಮಾತ್ರ ಪಡೆಯುತ್ತಾರೆ. ರಾತ್ರಿ ಸುರಂಗ ಮುಚ್ಚುವುದರಿಂದ ಕೊನೆಯ ಸರದಿಯ ವೇಳೆಯನ್ನು ತಿಳಿದುಕೊಂಡೇ ಒಳಗೆ ಹೋಗಿ.

ಪ್ರಶ್ನೆ: ಕಾರಿನಲ್ಲಿ ಏನೇನು ಇರಬೇಕು?

ಉತ್ತರ: ಪ್ರತಿಯೊಬ್ಬರಿಗೂ ನೀರು ಇಳಿಯದ ಮೇಲಂಗಿ, ಒಳಗೆ ಉಣ್ಣೆ, ಟೋಪಿ, ಕೈಗವಸು ಇರಲಿ, ಜುಲೈನಲ್ಲೂ ಹಿಮನದಿಯ ಮೇಲಿನಿಂದ ಬೀಸುವ ಗಾಳಿ ಕೊರೆಯುತ್ತದೆ. ಸೊಳ್ಳೆಗೆ ಔಷಧಿ, ಮನೆಗೊಂದಾದರೂ ಒಳ್ಳೆಯ ದುರ್ಬೀನು, ಬಿಸಿನೀರಿನ ಫ್ಲಾಸ್ಕ್ ಇರಲಿ. ಪೆಟ್ರೋಲನ್ನು ಆಂಕರೇಜ್‌ನಲ್ಲಿ ಅಥವಾ ಗರ್ಡ್‌ವುಡ್‌ನಲ್ಲಿ ಪೂರ್ತಿ ತುಂಬಿಸಿ, ಆಮೇಲೆ ಸೀವರ್ಡ್‌ವರೆಗೆ ಬಂಕನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಟ್ಟಗಳ ನಡುವೆ ಮೊಬೈಲ್ ಸಿಗ್ನಲ್ ಬಹಳ ದೂರ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಕಾಗದದ ಒಂದು ನಕ್ಷೆಯನ್ನೂ ಇಟ್ಟುಕೊಳ್ಳಿ. ಸೀವರ್ಡ್ ತಲುಪಿದ ದಿನವೇ ಸುನಾಮಿ ಬಂದಾಗ ಏರಬೇಕಾದ ದಾರಿಯ ಫಲಕಗಳನ್ನು ಮಕ್ಕಳಿಗೆ ತೋರಿಸಿ. 1964ರಲ್ಲಿ ಆ ಊರಿನ ದಂಡೆಯನ್ನು ಅಲೆಗಳು ನಾಶ ಮಾಡಿದ್ದವು. ನೆಲ ದೀರ್ಘವಾಗಿ ನಡುಗಿದರೆ ಸೈರನ್ನಿಗೆ ಕಾಯದೆ, ಸಾಮಾನು ಬಿಟ್ಟು, ಎತ್ತರಕ್ಕೆ ಹೋಗಬೇಕು.